ಗದ್ದೆಪ್ಪ 'ಅನುಮತಿಸಿ' ಒತ್ತಿದ ದಿನ

ಗಬ್ಬೂರಿನ ಗೌಂಡಿ ಗದ್ದೆಪ್ಪ ಮೂರನೇ ಸಲವೂ ರಾಯಚೂರಿಗೆ ಹೋಗಿ ಸುಮ್ಮನೆ ವಾಪಸ್ ಬಂದ. ಚಪ್ಪಲಿ ಬಿಟ್ಟು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಮಲ್ಲಿಕಾ ಒಂದು ಚೊಂಬು ನೀರು ತಂದು ಕೊಟ್ಟಳು. ಈ ಸಲವೂ ಕೆಲಸ ಆಗಿಲ್ಲ ಎಂಬುದು ಗಂಡನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕಿವಿ ಶಿಬಿರದ ತಾರೀಖು ಇನ್ನಾ ಗೊತ್ತಾಗಿಲ್ಲಂತ," ಎಂದ ಗದ್ದೆಪ್ಪ. "ವೆಬ್‌ಸೈಟಿನ್ಯಾಗ ಹಾಕತೀವಿ, ಅಲ್ಲೇ ನೋಡ್ಕೊಂತ ಇರ್ರಿ ಅಂದ್ರು. ಹೋದ ಸಲಾನೂ ಹಿಂಗ ಅಂದಿದ್ರು."

ಅಂಗಳದಲ್ಲಿ ಮಗಳು ರಾಧಾ ಮರಳಿನ ಗುಡ್ಡೆ ಮಾಡಿಕೊಂಡು ಆಡುತ್ತಿದ್ದಳು. ಅಪ್ಪ ಬಂದದ್ದು ಅವಳಿಗೆ ತಿಳಿದಿರಲಿಲ್ಲ. ಅವಳ ಬೆನ್ನು ಈ ಕಡೆ ಇತ್ತು. ಬಸ್ಸಿನ ಹಾರ್ನು, ನಾಯಿಯ ಬೊಗಳಿಕೆ, ಅಜ್ಜಿ ಬೂದೆಮ್ಮನ ಕೂಗು, ಯಾವುದಕ್ಕೂ ಆ ಹುಡುಗಿ ತಿರುಗುತ್ತಿರಲಿಲ್ಲ.

ರಾಧಾಳಿಗೆ ಐದು ವರ್ಷ ತುಂಬಲು ಎರಡು ತಿಂಗಳು ಬಾಕಿ ಇತ್ತು. 'ಮ್ಮಾ' ಎನ್ನುವುದೊಂದು ಬಿಟ್ಟರೆ ಅವಳಿಗೆ ಮಾತು ಬಂದಿರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುತ್ತದೆ ಎಂದು ಮನೆಯವರು ಕಾದರು. ಕೊನೆಗೆ ರಾಯಚೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗೆ ಬಹಳ ಕಡಿಮೆ ಕೇಳುತ್ತದೆ ಎಂದು ಗೊತ್ತಾಯಿತು. "ಕಿವಿಗೆ ಯಂತ್ರ ಹಾಕಿಸಿ, ಮಾತಿನ ತರಬೇತಿ ಕೊಡಿಸಿದರೆ ಮಗು ಮಾತು ಕಲಿಯಬಹುದು. ಎಷ್ಟು ಬೇಗ ಹಾಕಿಸಿದರೆ ಅಷ್ಟು ಒಳ್ಳೆಯದು," ಎಂದು ವೈದ್ಯರು ಹೇಳಿದರು. 'ಆಲಿಸು' ಎಂಬ ಟ್ರಸ್ಟ್ ವರ್ಷಕ್ಕೆ ಎರಡು ಸಲ ಶಿಬಿರ ಮಾಡಿ, ಐದು ವರ್ಷದೊಳಗಿನ ಮಕ್ಕಳಿಗೆ ಈ ಯಂತ್ರವನ್ನು ಉಚಿತವಾಗಿ ಕೊಡುತ್ತದೆ ಎಂದೂ ತಿಳಿಸಿದರು. ಅದರ ವೆಬ್‌ಸೈಟಿನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಗದ್ದೆಪ್ಪ ಮೂರು ಸಲ ಹೋಗಿ ಬಂದದ್ದು ರಾಯಚೂರಿನಲ್ಲಿದ್ದ ಆ ಟ್ರಸ್ಟಿನ ಆಫೀಸಿಗೇ.

ಹಿಂದಿನ ಶಿಬಿರ ಇವರ ಕೈತಪ್ಪಿ ಹೋಗಿತ್ತು. ಅದರ ಸುದ್ದಿ ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ, ಗದ್ದೆಪ್ಪನ ಫೋನಿಗೆ ಬರುವ ಹೊತ್ತಿಗೆ ಶಿಬಿರ ಮುಗಿದು ನಾಲ್ಕು ದಿನವಾಗಿತ್ತು. ಇನ್ನು ಉಳಿದಿದ್ದು ಮುಂದಿನ ಶಿಬಿರ ಮಾತ್ರ. ಅದೂ ತಪ್ಪಿದರೆ ರಾಧಾಳಿಗೆ ಐದು ದಾಟಿಬಿಡುತ್ತಿತ್ತು.

"ಆ ವೆಬ್‌ಸೈಟು ದಿನಾ ಯಾರು ನೋಡ್ಕೊಂತ ಕುಂದರಬೇಕು?" ಎಂದ ಗದ್ದೆಪ್ಪ. "ಗ್ವಾಡಿ ಕಟ್ಟಲ್ಯೋ, ಫೋನು ನೋಡಲ್ಯೋ?"

"ಗ್ರಂಥಾಲಯದ ತಹಮೀನಾ ಅಕ್ಕಾರನ್ನ ಕೇಳೋಣ ಬರ್ರಿ," ಎಂದಳು ಮಲ್ಲಿಕಾ. "ನಮ್ಮ ಸಂಘದ ಹೆಣ್ಮಕ್ಕಳಿಗೆ ಅವರು ಫೋನಿನ್ಯಾಗ ಏನೇನೋ ಕಲಿಸ್ಯಾರ. ಇದಕ್ಕೂ ಏನಾರ ದಾರಿ ಇದ್ದೀತು."

ಮರುದಿನ ಗಂಡ ಹೆಂಡತಿ ಇಬ್ಬರೂ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋದರು. ರಾಧಾ ಅಮ್ಮನ ಸೊಂಟದ ಮೇಲಿದ್ದಳು. ತಹಮೀನಾ ಪತ್ರಿಕೆಗಳನ್ನು ಕ್ಲಿಪ್ಪಿಗೆ ಹಾಕುತ್ತಿದ್ದವಳು ಎದ್ದು ಬಂದು ಕುರ್ಚಿ ಎಳೆದು ಹಾಕಿದಳು. ಮಲ್ಲಿಕಾ ಎಲ್ಲ ಹೇಳಿದಳು.

"ಇದಕ್ಯಾಕ ಮೂರು ಸಲ ರಾಯಚೂರಿಗೆ ಹೋದ್ರಿ ಗದ್ದೆಪ್ಪಣ್ಣ?" ಎಂದಳು ತಹಮೀನಾ. "ನೀವು ವೆಬ್‌ಸೈಟ್ ಹುಡುಕ್ಕೊಂಡು ಹೋಗೂದು ಬ್ಯಾಡ. ಅಲ್ಲಿ ಹೊಸ ಸುದ್ದಿ ಹಾಕಿದ ಕೂಡ್ಲೆ ಅದಾ ನಿಮ್ಮ ಫೋನಿಗೆ ಬರೂಹಂಗ ಮಾಡಬಹುದು. ಒಂದು ಸಲ 'ಅನುಮತಿಸಿ' ಅಂತ ಒತ್ತಿದ್ರ ಸಾಕು."

'ಅನುಮತಿಸಿ' ಎಂಬ ಮಾತು ಕೇಳಿದ್ದೇ ಗದ್ದೆಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ.

"ಅದೊಂದು ಬ್ಯಾಡ್ರಿ ಅಕ್ಕಾರ. ಒಂದು ಸಲ ಅದನ್ನ ಒತ್ತಿ ಮಾನ ಕಳಕೊಂಡೀನಿ."

"ಏನಾಗಿತ್ತು?"

ಗದ್ದೆಪ್ಪ ಹೇಳಲೋ ಬೇಡವೋ ಎಂದು ಹೆಂಡತಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ. ಹೋದ ಬೇಸಿಗೆಯಲ್ಲಿ ಯಾರೋ ಒಂದು ಲಿಂಕ್ ಕಳಿಸಿದ್ದರು. ಹೊಸ ಸಿನಿಮಾ ಪುಕ್ಕಟೆ ನೋಡಬಹುದು ಎಂದಿತ್ತು. ಅದನ್ನು ತೆರೆದರೆ, 'ನೀವು ಮನುಷ್ಯರೇ ಎಂದು ತಿಳಿಯಲು ಅನುಮತಿಸಿ ಒತ್ತಿ' ಎಂದು ಬಂತು. ತಾನು ಮನುಷ್ಯನೇ ಅಲ್ಲವೇ ಎಂದು ಗದ್ದೆಪ್ಪ ಒತ್ತಿಬಿಟ್ಟ. ಸಿನಿಮಾ ಬರಲಿಲ್ಲ. ಬದಲಿಗೆ ದಿನವಿಡೀ ಫೋನು ಟಣ್ ಟಣ್ ಎನ್ನತೊಡಗಿತು. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎಂದು ಒಂದು, 'ನಿಮಗೆ ಕಾರು ಬಹುಮಾನ ಬಂದಿದೆ' ಎಂದು ಇನ್ನೊಂದು. ಮನೆ ಕಟ್ಟಿಸುತ್ತಿದ್ದ ಹಿರಿಯರಾದ ಶರಣಯ್ಯನವರಿಗೆ ಬಾಗಿಲಿನ ಫೋಟೋ ತೋರಿಸುತ್ತಿದ್ದಾಗ, ಮೇಲಿನಿಂದ ಅರೆಬಟ್ಟೆಯ ಹೆಣ್ಣಿನ ಚಿತ್ರವೊಂದು ಇಳಿದು ಬಂತು. ಶರಣಯ್ಯನವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

"ಭೂಮಿ ಬಾಯಿ ಬಿಟ್ರ ಒಳಗ ಹೋಗತಿದ್ನಿ," ಎಂದ ಗದ್ದೆಪ್ಪ. "ದೇವದುರ್ಗದ ಮೊಬೈಲ್ ಅಂಗಡಿಗೆ ಹೋಗಿ ಪೂರಾ ಬಂದ್ ಮಾಡಿಸಿಕೊಂಡು ಬಂದೆ. ಇನ್ನ ಮ್ಯಾಗ ಅದನ್ನ ಮುಟ್ಟಬ್ಯಾಡ ಅಂತ ಅಂಗಡ್ಯಾಂವ ಹೇಳ್ಯಾನ."

ಮಲ್ಲಿಕಾಳಿಗೆ ಇದು ಹೊಸ ಸುದ್ದಿ. ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ತಹಮೀನಾ ನಗಲಿಲ್ಲ.

"ನಿಮಗೊಬ್ಬರಿಗೆ ಅಲ್ಲ ಗದ್ದೆಪ್ಪಣ್ಣ, ಭಾಳ ಮಂದಿಗೆ ಹಿಂಗಾಗೇದ. ಒಂದು ಮಾತು ಕೇಳ್ತೀನಿ. ಪಂಚಾಯ್ತಿ ಡಂಗುರ ಹೊಡಿಯಾಂವ ನಿಮ್ಮ ಓಣಿಗೆ ಬರತಾನಿಲ್ಲೋ?"

"ಬರತಾನ್ರಿ."

"ನೀರು ಬರೂದಿಲ್ಲ, ನಾಳಿ ಗ್ರಾಮಸಭಾ ಅದ, ಇಂಥಾ ಸುದ್ದಿ ಹೇಳ್ತಾನ. ಅದು ನಿಮಗ ಬೇಕು. ಯಾವನೋ ಸುಳ್ಳ ಹೇಳಾಂವ ಬಂದು ದಿನಾ ನಿಮ್ಮ ಮನಿ ಮುಂದ ಹಲಗಿ ಬಾರಸಾಕತ್ತಿದ್ರ?"

"ಓಡಸ್ತೀವಿ."

"ಇದೂ ಡಂಗುರಾನ. ಆವತ್ತು ನೀವು ಸುಳ್ಳ ಹೇಳಾಂವನ್ನ ಒಳಗ ಕರಕೊಂಡ್ರಿ. ಈಗ ಅವನ ಮ್ಯಾಲಿನ ಸಿಟ್ಟಿಗೆ ಪಂಚಾಯ್ತಿಯಾಂವಗೂ ಬಾಗಲಾ ಹಾಕೊಂಡು ಕುಂತೀರಿ."

ಗದ್ದೆಪ್ಪ ಜೇಬಿನ ಮೇಲಿಂದಲೇ ಫೋನು ಮುಟ್ಟಿ ನೋಡಿಕೊಂಡ. ಮಾತು ಸರಿ ಎನಿಸಿತು. ಆದರೂ ಒಳಗೆ ಅಳುಕಿತ್ತು.

"ನಮ್ಮ ನಂಬರು, ಓಟಿಪಿ ಏನಾರ ಕೇಳ್ತದೇನ್ರಿ?"

"ಏನೂ ಕೇಳಂಗಿಲ್ಲ. ಸುದ್ದಿ ಕಳಸಾಕ ಒಪ್ಪಿಗಿ ಅದ ಏನು ಅಂತ ಕೇಳ್ತದ, ಅಷ್ಟ. ಓಟಿಪಿ, ಬ್ಯಾಂಕಿನ ನಂಬರ್ ಕೇಳಿದ್ರ ಅಲ್ಲೇ ಬಿಟ್ಟು ಹೊರಗ ಬರಬೇಕು."

"ನನ್ನ ಫೋನಿನ್ಯಾಗಿನ ಫೋಟೋ ಅವರಿಗೆ ಕಾಣತಾವೇನು?"

"ಇಲ್ಲ. ಅದಕ್ಕ ಬ್ಯಾರೆ ಒಪ್ಪಿಗಿ ಬೇಕು. ಇದು ನಿಮಗ ಸುದ್ದಿ ಹೇಳೂದಷ್ಟ. ಬ್ಯಾಡ ಅನಿಸಿದ ದಿನ ನೀವಾ ಬಂದ್ ಮಾಡಬಹುದು. ಯಾರನ್ನೂ ಕೇಳೂದು ಬ್ಯಾಡ."

ಮಲ್ಲಿಕಾ ಗಂಡನ ಜೇಬಿನಿಂದ ಫೋನು ತೆಗೆದು ಅವನ ಕೈಗೇ ಕೊಟ್ಟಳು. "ಒಂದು ಸಲ ನೋಡ್ರಿ. ಕೂಸಿನ ಸಲುವಾಗಿ," ಎಂದಳು.

ತಹಮೀನಾ ಫೋನನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕುಳಿತು ಹೇಳುತ್ತ ಹೋದಳು. ಗದ್ದೆಪ್ಪನೇ ಮಾಡಿದ.

"ಮೊದಲ ಆ ಕಳ್ಳನ್ನ ಹೊರಗ ಹಾಕೋಣ, ಆಮ್ಯಾಗ ಬಾಗಲಾ ತಗಿಯೋಣ," ಎಂದಳು. ಇಂಟರ್ನೆಟ್ ನೋಡುವ ಆ್ಯಪ್, ಅಂದರೆ ಬ್ರೌಸರ್ ತೆರೆಸಿದಳು. ಮೇಲೆ ಮೂಲೆಯಲ್ಲಿ ಮೂರು ಚುಕ್ಕೆಗಳಿದ್ದವು. ಅದನ್ನು ಒತ್ತಿ ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಅಧಿಸೂಚನೆಗಳು, ಅಂದರೆ ನೋಟಿಫಿಕೇಷನ್. ಯಾವ ಯಾವ ವೆಬ್‌ಸೈಟಿಗೆ ಒಪ್ಪಿಗೆ ಕೊಟ್ಟಿದ್ದಾನೆ ಎಂಬ ಪಟ್ಟಿ ಅಲ್ಲಿತ್ತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಆ ಸಿನಿಮಾದ್ದು.

"ಇಂವ ಇನ್ನಾ ಇಲ್ಲೇ ಅದಾನಲ್ರಿ," ಎಂದ ಗದ್ದೆಪ್ಪ.

"ಅಂಗಡ್ಯಾಗ ಸಪ್ಪಳ ನಿಲ್ಲಿಸ್ಯಾರ, ಅವನ್ನ ತಗದಿಲ್ಲ. ಅವನ ಹೆಸರಿನ ಮ್ಯಾಲ ಒತ್ತಿ 'ನಿರ್ಬಂಧಿಸಿ' ಅನ್ರಿ."

ಗದ್ದೆಪ್ಪ ಬಲವಾಗಿಯೇ ಒತ್ತಿದ. ಇಟ್ಟಿಗೆಗೆ ಕರಣಿಯಿಂದ ಹೊಡೆದ ಹಾಗಿತ್ತು. ಮಲ್ಲಿಕಾ ಮತ್ತೆ ನಕ್ಕಳು.

ಆಮೇಲೆ ವೈದ್ಯರು ಕೊಟ್ಟ ಚೀಟಿ ತೆಗೆದರು. ತಹಮೀನಾ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು, ಗದ್ದೆಪ್ಪ ಹಾಕಿದ. 'ಆಲಿಸು' ಟ್ರಸ್ಟಿನ ಪುಟ ತೆರೆಯಿತು. "ಈಗ ಚೀಟಿಯೊಳಗಿಂದೂ ಇಲ್ಲಿ ಮ್ಯಾಲಿಂದೂ ಒಂದಾ ಅದ ಏನು ಸರಿಯಾಗಿ ನೋಡ್ರಿ," ಎಂದಳು. "ಒಂದು ಅಕ್ಷರ ಹೆಚ್ಚು ಕಡಿಮಿ ಇದ್ರೂ ಅದು ಬ್ಯಾರೆಯವರ ಮನಿ." ಗದ್ದೆಪ್ಪ ಬೆರಳಿಟ್ಟು ಎರಡು ಸಲ ಓದಿದ. ಎರಡೂ ಒಂದೇ ಇದ್ದವು.

ಪುಟದ ಕೆಳಗೆ ಗಂಟೆಯ ಗುರುತಿತ್ತು. 'ಶಿಬಿರದ ಸೂಚನೆ ಪಡೆಯಿರಿ' ಎಂದು ಪಕ್ಕದಲ್ಲಿ ಬರೆದಿತ್ತು. ಒತ್ತಿದ ಕೂಡಲೇ ಚೌಕದೊಳಗೆ ಪ್ರಶ್ನೆ ಬಂತು. ಈ ಸೈಟ್ ನಿಮಗೆ ಅಧಿಸೂಚನೆ ಕಳಿಸಲು ಬಯಸುತ್ತದೆ. ಒಂದು ಕಡೆ 'ನಿರ್ಬಂಧಿಸಿ', ಇನ್ನೊಂದು ಕಡೆ 'ಅನುಮತಿಸಿ'.

ಗದ್ದೆಪ್ಪನ ಬೆರಳು ಸ್ವಲ್ಪ ಹೊತ್ತು ಮೇಲೆಯೇ ನಿಂತಿತು. ರಾಧಾ ಅಮ್ಮನ ತೋಳಿನಿಂದ ಬಾಗಿ, ಆ ಹೊಳೆಯುವ ಚೌಕವನ್ನೂ ಅಪ್ಪನ ಮುಖವನ್ನೂ ನೋಡುತ್ತಿದ್ದಳು. ಗದ್ದೆಪ್ಪ 'ಅನುಮತಿಸಿ' ಒತ್ತಿದ.

"ಆತು. ಈಗ ಅಲ್ಲೇ 'ಪರೀಕ್ಷಾ ಸೂಚನೆ' ಅಂತ ಅದ ನೋಡ್ರಿ, ಅದನ್ನ ಒತ್ತರಿ. ಒಂದು ಸುದ್ದಿ ಬರಬೇಕು."

ಒತ್ತಿದ. ಕಾದರು. ಏನೂ ಬರಲಿಲ್ಲ. ಮತ್ತೆ ಒತ್ತಿದ. ಏನೂ ಇಲ್ಲ.

"ನಾ ಹೇಳಿಲ್ಲೇನ್ರಿ," ಎಂದು ಗದ್ದೆಪ್ಪ ಎದ್ದ. "ಇವೆಲ್ಲ ನಮ್ಮಂಥವರಿಗೆ ಅಲ್ಲ."

"ಕುಂದರ್ರಿ ಗದ್ದೆಪ್ಪಣ್ಣ. ಆವಾಗ ಅಂಗಡ್ಯಾಂವ ಪೂರಾ ಬಂದ್ ಮಾಡಿದ ಅಂದ್ರಿ. ಅಂವ ಓಣಿ ಬಾಗಲಾನ ಹಾಕಿರಬೇಕು." ತಹಮೀನಾ ಈಗ ಬ್ರೌಸರಿನಿಂದ ಹೊರಗೆ ಬರಲು ಹೇಳಿ, ಫೋನಿನದೇ ಸೆಟ್ಟಿಂಗ್ಸ್ ತೆರೆಸಿದಳು. ಅಲ್ಲಿ ಆ್ಯಪ್‌ಗಳ ಪಟ್ಟಿಯಲ್ಲಿ ಬ್ರೌಸರಿನ ಹೆಸರು ಹುಡುಕಿಸಿದಳು. ಅದರ ಅಧಿಸೂಚನೆಗಳು ಬಂದ್ ಆಗಿದ್ದವು. ಚಾಲೂ ಮಾಡಿ, ವೆಬ್‌ಸೈಟಿಗೆ ಹೋಗಿ ಮತ್ತೊಮ್ಮೆ ಒತ್ತಿದ್ದೇ, ಫೋನು ಟಣ್ ಎಂದಿತು. 'ನಮಸ್ಕಾರ. ಮುಂದಿನ ಶಿಬಿರದ ಸುದ್ದಿ ನಿಮಗೆ ಇಲ್ಲಿಯೇ ಬರುತ್ತದೆ.'

ಗದ್ದೆಪ್ಪ ಅದನ್ನು ಗಟ್ಟಿಯಾಗಿ ಓದಿದ. ಆಮೇಲೆ ಮಲ್ಲಿಕಾಳಿಗೆ ತೋರಿಸಿದ.

"ಇನ್ನೊಂದು," ಎಂದಳು ತಹಮೀನಾ. "ಡೇಟಾ ಬಂದ್ ಇದ್ರ ಸುದ್ದಿ ಬರಂಗಿಲ್ಲ. ಖರ್ಚಾಗತದ ಅಂತ ಇಡೀ ದಿನ ಬಂದ್ ಇಡಬ್ಯಾಡ್ರಿ. ಮುಂಜಾನಿ ಒಂದು ಸಲ, ಮಧ್ಯಾಹ್ನ ಒಂದು ಸಲನಾದ್ರೂ ಚಾಲೂ ಮಾಡ್ರಿ. ಫೋನು ಬದಲಿ ಮಾಡಿದ್ರ ಇದನ್ನೆಲ್ಲ ಮತ್ತ ಮಾಡಬೇಕು."

ಮನೆಯಲ್ಲಿ ಬೂದೆಮ್ಮನಿಗೆ ಈ ಏರ್ಪಾಡು ಹಿಡಿಸಲಿಲ್ಲ. "ಆ ಡಬ್ಬಿ ನಂಬಕೊಂಡು ಮನ್ಯಾಗ ಕುಂತೀಯೇನಪಾ? ಮತ್ತೊಮ್ಮಿ ಹೋಗಿ ಕೇಳ್ಕೊಂಡು ಬಾ," ಎಂದು ದಿನಾ ಹೇಳಿದಳು. ಒಂದು ವಾರ ಕಳೆಯಿತು. ಗದ್ದೆಪ್ಪನಿಗೂ ಅನುಮಾನ ಹತ್ತಿತು. ನಾಳೆ ಹೋಗಿ ಬರುತ್ತೇನೆ ಎಂದು ತಾಯಿಗೆ ಹೇಳಿದ ದಿನವೇ, ಊಟದ ಹೊತ್ತಿಗೆ ಡೇಟಾ ಚಾಲೂ ಮಾಡಿದಾಗ ಫೋನು ಟಣ್ ಎಂದಿತು. ಮುಂದಿನ ವಾರ ಗುರುವಾರ, ರಾಯಚೂರಿನಲ್ಲಿ ಮಕ್ಕಳ ಶ್ರವಣ ಶಿಬಿರ.

"ಯವ್ವಾ, ಬಂತು," ಎಂದು ಅವನು ಒಳಗೆ ಹೋಗಿ ಓದಿ ಹೇಳಿದ.

ಬೂದೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಖರೇನೋ? ಹೋದ ಸಲದ್ದೋ, ಈ ಸಲದ್ದೋ?"

"ಈ ಸಲದ್ದಾ. ಇನ್ನಾ ಒಂಬತ್ತು ದಿನ ಅದ."

ಆ ನಡುವೆ ಮಲ್ಲಿಕಾಳ ತವರಿನಿಂದ ಕರೆ ಬಂತು. ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ಅವಳ ತಮ್ಮ ಉಮೇಶನ ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ಮಲ್ಲಿಕಾ ರಾಧಾಳನ್ನು ಕರೆದುಕೊಂಡು ಭಾನುವಾರ ಹೋದಳು. ಬುಧವಾರ ಸಂಜೆಗೆ ವಾಪಸ್ ಬಂದು, ಗುರುವಾರ ಬೆಳಿಗ್ಗೆ ಎಲ್ಲರೂ ರಾಯಚೂರಿಗೆ ಹೋಗುವುದು ಎಂದು ಮಾತಾಗಿತ್ತು.

ಮಂಗಳವಾರ ಮಧ್ಯಾಹ್ನ ಗದ್ದೆಪ್ಪ ಶರಣಯ್ಯನವರ ಮನೆಯ ಗೋಡೆಗೆ ಸಿಮೆಂಟ್ ಬಳಿದು ಗಿಲಾವು ಮಾಡುತ್ತಿದ್ದ. ಬುತ್ತಿ ಬಿಚ್ಚುವ ಮೊದಲು ಕೈ ತೊಳೆದು ಡೇಟಾ ಚಾಲೂ ಮಾಡಿದ. ಫೋನು ಟಣ್ ಎಂದಿತು.

'ಬದಲಾವಣೆ: ಗುರುವಾರ ರಾಯಚೂರಿನಲ್ಲಿ ಶಿಬಿರ ಇಲ್ಲ. ಬುಧವಾರ ಬೆಳಿಗ್ಗೆ 9ರಿಂದ 1ರವರೆಗೆ ಮಾನ್ವಿಯಲ್ಲಿ. ವಿವರಕ್ಕೆ ಒತ್ತಿ.'

ಗದ್ದೆಪ್ಪ ಎರಡು ಸಲ ಓದಿದ. ಬುಧವಾರ ಅಂದರೆ ನಾಳೆ. ಸುಳ್ಳು ಸುದ್ದಿ ಇರಬಹುದೇ ಎಂಬ ಅನುಮಾನ ಬಂತು. ವಿಳಾಸ ನೋಡಬೇಕು ಎಂದು ತಹಮೀನಾ ಹೇಳಿದ್ದು ನೆನಪಾಗಿ ಸೂಚನೆಯ ಮೇಲೆ ಒತ್ತಿದ. ಟ್ರಸ್ಟಿನ ಪುಟವೇ ತೆರೆಯಿತು. ಮೇಲಿನ ವಿಳಾಸ ಅದೇ ಇತ್ತು. ಶಿಬಿರಕ್ಕೆ ಗೊತ್ತು ಮಾಡಿದ್ದ ಸಭಾಂಗಣ ಸಿಗದೆ ದಿನವನ್ನೂ ಜಾಗವನ್ನೂ ಬದಲಿಸಬೇಕಾಯಿತು ಎಂದು ಬರೆದಿತ್ತು. ಮಗುವಿನ ಕಿವಿ ಪರೀಕ್ಷೆಯ ವರದಿ, ಜನನ ಪ್ರಮಾಣಪತ್ರ, ಆಧಾರ್ ತರಬೇಕು ಎಂದೂ ಇತ್ತು. ಕೆಳಗಿದ್ದ ನಂಬರಿಗೆ ಫೋನ್ ಮಾಡಿದ. "ಹೌದ್ರಿ, ನಾಳಿ ಮಾನ್ವಿಯೊಳಗ. ಒಂದರೊಳಗ ಬರ್ರಿ," ಎಂದಿತು ಹೆಣ್ಣುಮಗಳ ದನಿ.

ಮಗು ಬಾಗಲವಾಡದಲ್ಲಿತ್ತು. ಅಲ್ಲಿಂದ ಮಾನ್ವಿ ಹತ್ತಿರ. ಆದರೆ ವರದಿ, ಕಾಗದ ಎಲ್ಲ ಗಬ್ಬೂರಿನ ಮನೆಯಲ್ಲಿ, ಟ್ರಂಕಿನೊಳಗೆ.

ಗದ್ದೆಪ್ಪ ಉಮೇಶನಿಗೆ ಫೋನ್ ಮಾಡಿದ. ಹತ್ತಲಿಲ್ಲ. ಮತ್ತೆ ಮಾಡಿದ. ಮೂರನೆಯ ಸಲಕ್ಕೆ ಹತ್ತಿತು.

"ಗದ್ದ್ಯಾಗ ಇದ್ನಿ ಮಾವ, ನೆಟ್‌ವರ್ಕ್ ಇರಲಿಲ್ಲ."

"ನಾಳಿ ಮುಂಜಾನಿ ಮಲ್ಲಿನ್ನ, ರಾಧಾನ್ನ ಮಾನ್ವಿಗೆ ಕರಕೊಂಡು ಬಾ. ಒಂಬತ್ತಕ್ಕ ಅಲ್ಲಿರಬೇಕು. ನಾ ಕಾಗದ ತಗೊಂಡು ಸೀದಾ ಅಲ್ಲಿಗೇ ಬರತೀನಿ. ಶಿಬಿರ ಬದಲಿ ಆಗೇದ."

"ಯಾರು ಹೇಳಿದ್ರು?"

"ಟ್ರಸ್ಟಿನವರಾ ಹೇಳ್ಯಾರ. ನನ್ನ ಫೋನಿಗೆ ಬಂದದ. ಫೋನ್ ಮಾಡಿ ಕೇಳೀನಿ."

ಶರಣಯ್ಯನವರು ಇದೆಲ್ಲ ಕೇಳಿಸಿಕೊಂಡು ನಿಂತಿದ್ದರು. ಗದ್ದೆಪ್ಪ ರಜೆ ಕೇಳುವ ಮೊದಲೇ, "ಗಿಲಾವು ನಾಡಿದ್ದು ಮಾಡಿಯಂತ. ಹೋಗು," ಎಂದರು.

ಮರುದಿನ ಮೊದಲ ಬಸ್ಸಿಗೆ ಗದ್ದೆಪ್ಪ ರಾಯಚೂರಿಗೆ ಹೋದ. ಕಾಗದದ ಚೀಲವನ್ನು ಅಂಗಿಯ ಒಳಗೆ ಇಟ್ಟುಕೊಂಡಿದ್ದ. ಅಲ್ಲಿ ಮಾನ್ವಿಯ ಬಸ್ಸು ತುಂಬಿ ತುಳುಕುತ್ತಿತ್ತು. ಬಾಗಿಲಿನ ಹತ್ತಿರ ನಿಂತುಕೊಂಡೇ ಹೋದ. ದಾರಿಯ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತದ ಗದ್ದೆಗಳಿದ್ದವು. ಅವನಿಗೆ ಅದಾವುದೂ ಕಾಣಲಿಲ್ಲ. ಭತ್ತ ತುಂಬಿದ ಟ್ರ್ಯಾಕ್ಟರುಗಳು ಅಡ್ಡ ಬಂದಾಗಲೆಲ್ಲ ಗಡಿಯಾರ ನೋಡಿಕೊಂಡ. ಮಾನ್ವಿ ಸೇರಿದಾಗ ಹತ್ತೂವರೆ ಆಗಿತ್ತು.

ಶಿಬಿರದ ಗೇಟಿನಲ್ಲಿ ಮಲ್ಲಿಕಾ ನಿಂತಿದ್ದಳು. ಅವಳ ಕೈಯಲ್ಲಿ ಹತ್ತೊಂಬತ್ತನೇ ನಂಬರಿನ ಚೀಟಿ ಇತ್ತು.

"ಹದಿನೇಳು ನಡದದ," ಎಂದಳು. "ವರದಿ ಇಲ್ಲಂದ್ರ ಒಳಗ ಬಿಡಂಗಿಲ್ಲ ಅಂದ್ರು. ನನ್ನ ಜೀವ ಕೈಯಾಗ ಇತ್ತು ನೋಡ್ರಿ."

ಗದ್ದೆಪ್ಪ ಅಂಗಿಯೊಳಗಿಂದ ಚೀಲ ತೆಗೆದು ಕೊಟ್ಟ. ಅದು ಬೆವರಿಗೆ ಬೆಚ್ಚಗಾಗಿತ್ತು.

ಒಳಗೆ ನಾಗವೇಣಿ ಎಂಬ ಶ್ರವಣ ತಜ್ಞೆ ವರದಿ ಓದಿ, ರಾಧಾಳ ಕಿವಿಗಳನ್ನು ನೋಡಿದರು. ಕಿವಿಯ ಅಳತೆಗೆ ಅಚ್ಚು ತೆಗೆದುಕೊಂಡರು. "ಇವಳದೇ ಯಂತ್ರ ತಯಾರಾಗಲು ಮೂರು ವಾರ ಬೇಕು. ಅದನ್ನು ರಾಯಚೂರಿನ ನಮ್ಮ ಆಫೀಸಿನಲ್ಲಿ ಹಾಕುತ್ತೇವೆ. ಈಗ ಬೇರೆ ಯಂತ್ರ ಹಚ್ಚಿ ನೋಡೋಣ, ಎಷ್ಟು ಕೇಳುತ್ತದೆ ಅಂತ," ಎಂದು ಎರಡೂ ಕಿವಿಗಳ ಹಿಂದೆ ಸಣ್ಣ ಯಂತ್ರ ಸಿಕ್ಕಿಸಿ, ನಿಧಾನವಾಗಿ ಚಾಲೂ ಮಾಡಿದರು.

ರಾಧಾ ಒಮ್ಮೆಗೇ ಬಿಗಿಯಾದಳು. ಹೊರಗೆ ಬಸ್ಸೊಂದು ಹಾರ್ನು ಹೊಡೆಯಿತು. ಅವಳು ಹೆದರಿ ಅಪ್ಪನ ಅಂಗಿ ಹಿಡಿದುಕೊಂಡು ಜೋರಾಗಿ ಅಳತೊಡಗಿದಳು. ಮಲ್ಲಿಕಾ ಗಾಬರಿಯಾಗಿ ಯಂತ್ರ ತೆಗೆಯಲು ಕೈ ಚಾಚಿದಳು. ನಾಗವೇಣಿ ಬೇಡ ಎಂದು ಸನ್ನೆ ಮಾಡಿದರು.

ಅಳುತ್ತಿದ್ದ ರಾಧಾ ತಟ್ಟನೆ ನಿಲ್ಲಿಸಿದಳು. ಕಣ್ಣು ಅಗಲ ಮಾಡಿ ಸುಮ್ಮನೆ ಕುಳಿತಳು. ಆಮೇಲೆ ಸಣ್ಣಗೆ ಒಂದು ಸಲ 'ಆಂ' ಎಂದಳು. ಮತ್ತೆ ನಿಲ್ಲಿಸಿದಳು. ಗಂಟಲಿಗೆ ಕೈ ಇಟ್ಟುಕೊಂಡು ಇನ್ನೊಂದು ಸಲ 'ಆಂ' ಎಂದಳು. ತನ್ನ ದನಿಯನ್ನು ಅವಳು ಇಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು. ಕೇಳುವ ಆಸೆಗೆ ಮತ್ತೆ ಮತ್ತೆ ಅಂದಳು. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಗದ್ದೆಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಉಮೇಶ ಅವನ ಹೆಗಲ ಮೇಲೆ ಕೈ ಹಾಕಿದ.

"ಇದು ಆರಂಭ ಅಷ್ಟೇ," ಎಂದರು ನಾಗವೇಣಿ. "ಮಾತು ಒಂದೇ ದಿನಕ್ಕೆ ಬರುವುದಿಲ್ಲ. ತರಬೇತಿಗೆ ತಪ್ಪದೆ ಕರೆತರಬೇಕು. ಮನೆಯಲ್ಲಿ ಎಲ್ಲರೂ ಅವಳ ಮುಖ ನೋಡಿ ಮಾತಾಡಬೇಕು. ಮುಂದಿನ ತಾರೀಖುಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತೇವೆ."

"ಹಾಕ್ರಿ ಮೇಡಂ," ಎಂದ ಗದ್ದೆಪ್ಪ. "ನನಗ ಬರತಾವು."

ಮೂರು ವಾರದ ಬಳಿಕ ಯಂತ್ರ ಬಂದಿದೆ ಎಂಬ ಸೂಚನೆ ಬಂತು. ರಾಧಾಳನ್ನು ಕರೆದುಕೊಂಡು ರಾಯಚೂರಿಗೆ ಹೋದರು. ಈ ಸಲ ಬೂದೆಮ್ಮನೂ ಹೊರಟಳು. ಟ್ರಸ್ಟಿನ ಆಫೀಸಿನ ಮುಂದೆ ಬೆಂಚಿನ ಮೇಲೆ ದೇವದುರ್ಗದ ಕಡೆಯ ಮೂಕಪ್ಪ ಎಂಬ ಮುದುಕ ಮೂರು ವರ್ಷದ ಮೊಮ್ಮಗನನ್ನು ಕೂರಿಸಿಕೊಂಡು ಕುಳಿತಿದ್ದ. ಮಾತಿಗೆ ಮಾತು ಬಂತು.

"ನಾ ಶಿಬಿರಕ್ಕಂತ ಗುರುವಾರ ಬಂದಿದ್ನಿ ತಮ್ಮಾ," ಎಂದ ಮೂಕಪ್ಪ. "ಬೀಗ ಹಾಕಿತ್ತು. ಹಿಂದಿನ ದಿನಾನ ಮಾನ್ವಿಯಾಗ ಆತಂತ. ಇನ್ನ ಮುಂದಿನ ಶಿಬಿರ ಯಾವಾಗೋ. ಅದನ್ನ ಕೇಳಾಕ ಬಂದೀನಿ."

ಗದ್ದೆಪ್ಪ ಮುದುಕನ ಮಡಿಲಲ್ಲಿದ್ದ ಹುಡುಗನನ್ನು ನೋಡಿದ. ಆ ಗುರುವಾರ ತಾನೂ ಹೀಗೆಯೇ ಬೀಗದ ಮುಂದೆ ನಿಲ್ಲಬೇಕಾಗಿತ್ತು ಎಂದುಕೊಂಡ.

"ಹುಡುಗಗ ಇನ್ನಾ ಮೂರು ವರ್ಷ ಅಲ್ಲೇನ್ರಿ ಯಪ್ಪಾ, ಟೈಮ್ ಅದ," ಎಂದು ಪಕ್ಕದಲ್ಲಿ ಕುಳಿತ. "ನಿಮ್ಮ ಫೋನು ತಗೀರಿ. ಇಂಟರ್ನೆಟ್ ಅದ ಏನು?"

"ಅದ. ಮಗ ಹಾಕಿಸಿಕೊಟ್ಟಾನ. ನನಗ ಒತ್ತಾಕ ಅಂಜಿಕಿ."

"ನನಗೂ ಇತ್ತು. ನಾ ಒತ್ತಂಗಿಲ್ಲ, ನೀವಾ ಒತ್ತರಿ. ಟ್ರಸ್ಟಿನ ಪುಟ ತಗೀರಿ, ಮೊದಲ ಮ್ಯಾಲಿನ ವಿಳಾಸ ಓದೋಣ. ಗ್ವಾಡಿ ಮ್ಯಾಲ ಬರದಾರ ನೋಡ್ರಿ, ಅದೂ ಇದೂ ಒಂದಾ ಅದ ಏನು?"

ಮೂಕಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹೋಲಿಸತೊಡಗಿದ. ಮಲ್ಲಿಕಾ ಮೊಮ್ಮಗನನ್ನು ಎತ್ತಿಕೊಂಡಳು. ಬೂದೆಮ್ಮ ಬೆಂಚಿನ ಇನ್ನೊಂದು ತುದಿಯಿಂದ, "ಡೇಟಾ ಬಂದ್ ಇಡಬ್ಯಾಡ್ರೆಪ್ಪಾ, ಬಂದ್ ಇದ್ರ ಬರಂಗಿಲ್ಲ," ಎಂದು ಹೇಳಿದಳು.

ಈ ಕಥೆ ಓದುತ್ತಿರುವ ಅಕ್ಕ, ಅಣ್ಣ, ನೀವೂ ಒಂದು ಕ್ಷಣ ಯೋಚಿಸಿ. ಮಕ್ಕಳ ಶಿಬಿರ, ಹಾಸ್ಟೆಲ್ ಅರ್ಜಿ, ಪರೀಕ್ಷೆಯ ಫಲಿತಾಂಶ, ಕಾಲುವೆಯ ನೀರು, ನಿಮ್ಮ ಮನೆಗೆ ಬೇಕಾದ ಸುದ್ದಿ ಯಾವ ವೆಬ್‌ಸೈಟಿನಲ್ಲಿ ಬರುತ್ತದೆ? ಅದರ ಸರಿಯಾದ ವಿಳಾಸವನ್ನು ಆ ಕಚೇರಿಯಿಂದಲೇ ಬರೆಸಿಕೊಳ್ಳಿ. ತೆರೆದ ಮೇಲೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಅಲ್ಲಿ ಗಂಟೆಯ ಗುರುತು ಇದ್ದರೆ ಒತ್ತಿ, ಫೋನು ಕೇಳಿದಾಗ 'ಅನುಮತಿಸಿ' ಎನ್ನಿ. ಎಲ್ಲ ವೆಬ್‌ಸೈಟಿನಲ್ಲೂ ಈ ಸೌಲಭ್ಯ ಇರುವುದಿಲ್ಲ. ಇಲ್ಲದಿದ್ದರೆ ಬೇಕೆಂದು ಅವರನ್ನು ಕೇಳಿ. ಗೊತ್ತಿಲ್ಲದ ಪುಟ ಏನೇ ಆಸೆ ತೋರಿಸಿ ಅನುಮತಿ ಕೇಳಿದರೂ 'ನಿರ್ಬಂಧಿಸಿ' ಎಂದುಬಿಡಿ. ತಪ್ಪಿ ಒತ್ತಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಆ ಒಂದು ಹೆಸರನ್ನು ತೆಗೆದುಹಾಕಿದರೆ ಆಯಿತು. ಯಾವ ಸೂಚನೆ ಬಂದರೂ ಓಟಿಪಿ ಕೊಡಬೇಡಿ. ಅನುಮಾನ ಬಂದರೆ ಕಚೇರಿಗೆ ಫೋನ್ ಮಾಡಿ ಕೇಳಿ.

ತಿಳಿಯದಿದ್ದರೆ ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ಅಥವಾ ಸಂಘದಲ್ಲಿ ಗೊತ್ತಿದ್ದವರನ್ನು ಕೇಳಿ. ಫೋನನ್ನು ಅವರ ಕೈಗೆ ಕೊಡಬೇಡಿ, ಅವರು ಹೇಳಲಿ, ನೀವೇ ಒತ್ತಿ. ಕಲಿತ ಮೇಲೆ ಪಕ್ಕದ ಮನೆಯ ಒಬ್ಬರಿಗಾದರೂ ಕಲಿಸಿ. ಬೀಗ ಹಾಕಿದ ಬಾಗಿಲಿನ ಮುಂದೆ ಮಗುವನ್ನು ಎತ್ತಿಕೊಂಡು ನಿಲ್ಲುವವರು ನಮ್ಮ ತಾಲೂಕಿನಲ್ಲಿ ಇನ್ನು ಒಬ್ಬರೂ ಇರಬಾರದು.